ಚೀಟಿ ನೋಡುವ ಮೊದಲೇ ಹೇಳಿಸಿ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಬಿಜಿ ಓದಲು ಕಲಿಸುವ ಬಗೆ

ಎಬಿಜಿ ಎಂದರೆ ಅಪಧಮನಿಯ ರಕ್ತದ ಹುಳಿ ಮತ್ತು ಅನಿಲಗಳನ್ನು ನೋಡುವ ಪರೀಕ್ಷೆ. ಅದರ ಮಷಿನ್ನಿನಿಂದ ಬರುವ ಚೀಟಿ ಅಂಗೈ ಅಗಲವೂ ಇರುವುದಿಲ್ಲ, ಆದರೆ ಅದರಲ್ಲಿ ಹದಿನೈದು ಇಪ್ಪತ್ತು ಅಂಕಿಗಳಿರುತ್ತವೆ. ಅದನ್ನು ಮೂರನೇ ವರ್ಷದ ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಯ ಕೈಗೆ ಕೊಟ್ಟು ನೋಡಿ. ಕಣ್ಣು ಸೀದಾ ಬಾಣದ ಗುರುತಿನ ಕಡೆ ಹೋಗುತ್ತದೆ. ‘ಪಿಎಚ್ ಕಡಿಮಿ ಅದರಿ ಮೇಡಂ, ಅಸಿಡೋಸಿಸ್ ರಿ’ ಎಂಬ ಉತ್ತರ ಬರುತ್ತದೆ. ರಕ್ತದಲ್ಲಿ ಹುಳಿ ಹೆಚ್ಚಿದೆ ಎಂದರ್ಥ. ಯಾವ ಅಸಿಡೋಸಿಸ್, ಯಾಕೆ ಬಂತು, ಈಗ ಬೆಡ್ ಹತ್ತಿರ ಹೋಗಿ ಏನು ನೋಡಬೇಕು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದು ಮಕ್ಕಳ ದಡ್ಡತನವಲ್ಲ, ನಾವು ಕಲಿಸುವ ಕ್ರಮದ ತಪ್ಪು. ಮೊದಲು ನಾರ್ಮಲ್ ಅಂಕಿ, ಆಮೇಲೆ ನಾಲ್ಕು ಕಾಯಿಲೆಯ ಹೆಸರು, ಎಲ್ಲ ಮುಗಿದ ಮೇಲೆ ರೋಗಿ. ಈ ಕ್ರಮವನ್ನು ತಿರುವಿ ಹಾಕಬೇಕು. ಮೊದಲು ರೋಗಿಯನ್ನು ನೋಡಲಿ, ಚೀಟಿಯಲ್ಲಿ ಏನು ಬರಬಹುದೆಂದು ಬಾಯಿಬಿಟ್ಟು ಹೇಳಲಿ, ಆಮೇಲೆ ಚೀಟಿ ಬಿಚ್ಚಿ. ಹೇಳಿದ್ದು ಮತ್ತು ಬಂದದ್ದು ಹೊಂದದಿದ್ದರೆ ಕಲಿಕೆ ಆಗುವುದು ಆ ಅಂತರದಲ್ಲಿ. ಎಷ್ಟೋ ಸಲ ರೋಗಿಯ ಜೀವ ಉಳಿಯುವುದೂ ಅದರಿಂದಲೇ.

ಕಲಬುರಗಿ, ಬೀದರ, ಯಾದಗಿರಿಯ ಕಾಲೇಜುಗಳಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮತ್ತು ಬಿಎಸ್ಸಿ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ಯುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗಳಿಗೆ, ಐಸಿಯು ಸಿಸ್ಟರ್‌ಗಳಿಗೆ ಇದನ್ನು ಬರೆದಿದೆ. ಎಂಟು ಹತ್ತು ಜನರ ಬ್ಯಾಚು, ಒಂದೊಂದು ಗಂಟೆಯ ನಾಲ್ಕು ತರಗತಿ ಸಾಕು. ಹೆಸರು, ಐಪಿ ನಂಬರ್ ಕತ್ತರಿಸಿ ತೆಗೆದ ಹಳೆಯ ಚೀಟಿಗಳು ಇಪ್ಪತ್ತಾದರೂ ಇರಲಿ. ಚೀಟಿಯ ಕಾಗದ ಬಿಸಿಗೆ ಮಾಸುವ ಜಾತಿಯದು, ನಮ್ಮ ಬೇಸಿಗೆಯಲ್ಲಿ ಬೇಗ ಬೆಳ್ಳಗಾಗಿಬಿಡುತ್ತದೆ. ಆದ್ದರಿಂದ ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿಡಿ.

ಓಕುಳಿ ನೀರಿನಿಂದ ಶುರು

ಮೊದಲ ತರಗತಿಗೆ ಎರಡು ಗಾಜಿನ ಲೋಟ, ಅರಿಶಿನ, ಸುಣ್ಣ ಮತ್ತು ಒಂದು ನಿಂಬೆಹಣ್ಣು ತನ್ನಿ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂಬುದು ಆರತಿಗೆ ಓಕುಳಿ ಕಲಸಿದ ಎಲ್ಲರಿಗೂ ಗೊತ್ತು. ಒಂದು ಲೋಟಕ್ಕೆ ಸಾಸಿವೆ ಕಾಳಿನಷ್ಟು, ಇನ್ನೊಂದಕ್ಕೆ ತೊಗರಿ ಕಾಳಿನಷ್ಟು ಸುಣ್ಣ ಹಾಕಿ ಕಲಸಿ. ಎರಡೂ ಕೆಂಪಾಗುತ್ತವೆ. ಈಗ ನಿಂಬೆರಸವನ್ನು ಹನಿಹನಿಯಾಗಿ ಬಿಡುತ್ತ ವಿದ್ಯಾರ್ಥಿಗಳಿಂದಲೇ ಎಣಿಸಿ. ಸುಣ್ಣ ಕಡಿಮೆಯಿದ್ದ ಲೋಟ ಬೇಗ ಹಳದಿಗೆ ತಿರುಗುತ್ತದೆ, ಹೆಚ್ಚಿದ್ದದ್ದು ಬಹಳ ಹೊತ್ತು ತಡೆಯುತ್ತದೆ.

ಈಗ ಹೇಳಿ: ಬಣ್ಣವೇ ಪಿಎಚ್. ನಿಂಬೆ ಎಂದರೆ ಹುಳಿ. ಸುಣ್ಣ ಎಂದರೆ ಆ ಹುಳಿಯನ್ನು ನುಂಗುವ ದಾಸ್ತಾನು. ರಕ್ತದಲ್ಲಿ ಆ ದಾಸ್ತಾನಿನ ಹೆಸರು ಬೈಕಾರ್ಬೊನೇಟ್, ಅಡುಗೆ ಸೋಡಾದಲ್ಲಿರುವುದೂ ಅದೇ. ರಕ್ತದ ಹುಳಿಗಳಲ್ಲಿ ದೊಡ್ಡದು ಕಾರ್ಬನ್ ಡೈಆಕ್ಸೈಡ್, ಏಕೆಂದರೆ ಅದು ನೀರಿನ ಜೊತೆ ಸೇರಿದರೆ ಕಾರ್ಬಾನಿಕ್ ಆಮ್ಲವಾಗುತ್ತದೆ. ಲೋಟಕ್ಕೂ ದೇಹಕ್ಕೂ ಒಂದೇ ವ್ಯತ್ಯಾಸ: ಲೋಟಕ್ಕೆ ಶ್ವಾಸಕೋಶವಿಲ್ಲ. ದೇಹ ಈ ಹುಳಿಯನ್ನು ಪ್ರತಿ ಉಸಿರಿನಲ್ಲೂ ಹೊರಗೆ ಹಾಕುತ್ತಿರುತ್ತದೆ.

ನಾಲ್ಕೂ ತರಗತಿಗಳಲ್ಲಿ ಕೈಬಿಡದೆ ಹಿಡಿಯಬೇಕಾದ ಮಾತು ಇದು. ಪಿಸಿಒ2 (ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಒತ್ತಡ) ಎಂದರೆ ಹುಳಿ. ಅದು ಶ್ವಾಸಕೋಶದ ವಶದಲ್ಲಿದೆ, ನಿಮಿಷಗಳಲ್ಲಿ ಏರುತ್ತದೆ, ಇಳಿಯುತ್ತದೆ. ಬೈಕಾರ್ಬ್ ಎಂದರೆ ಸೋಡಾ. ಅದು ಮೂತ್ರಪಿಂಡದ ವಶದಲ್ಲಿದೆ, ಪೂರ್ತಿ ಹೊಂದಿಕೊಳ್ಳಲು ಮೂರರಿಂದ ಐದು ದಿನ ಹಿಡಿಯುತ್ತದೆ. ಪಿಎಚ್ ಇವೆರಡರ ತಕ್ಕಡಿಯ ಮುಳ್ಳು. ಕನ್ನಡ ಮಾಧ್ಯಮದಿಂದ ಬಂದವರಿಗೆ ‘ಹುಳಿ ಹೆಚ್ಚಿತೋ, ಸೋಡಾ ಕಡಿಮೆಯಾಯಿತೋ?’ ಎಂಬ ಪ್ರಶ್ನೆ ಒಮ್ಮೆ ಮನಸ್ಸಿಗೆ ಹತ್ತಿದರೆ ಇಂಗ್ಲಿಷ್ ಹೆಸರುಗಳು ತಾವಾಗಿಯೇ ಬರುತ್ತವೆ. ಒಂದು ತೊಡಕನ್ನು ಮಾತ್ರ ಮೊದಲೇ ಬಿಡಿಸಿ: ಪಿಎಚ್ ಅಂಕಿ ಇಳಿದರೆ ಹುಳಿ ಏರಿದೆ ಎಂದರ್ಥ. ಇದು ಉಲ್ಟಾ ಎಂದು ಬೋರ್ಡಿನ ಮೇಲೆ ಬರೆದು, ಕೊನೆಯ ದಿನದವರೆಗೂ ಅಳಿಸಬೇಡಿ.

ಬಾಯಿಪಾಠ ಮಾಡಿಸಬೇಕಾದ ಅಂಕಿಗಳು ಹೆಚ್ಚಿಲ್ಲ. ಪಿಎಚ್ 7.35ರಿಂದ 7.45. ಪಿಸಿಒ2 35ರಿಂದ 45 ಮಿಮೀ. ಬೈಕಾರ್ಬ್ 22ರಿಂದ 26. ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಏರುವ ಇನ್ನೊಂದು ಹುಳಿ) 2ಕ್ಕಿಂತ ಕಡಿಮೆ. 7.40, 40, 24 ಎಂಬ ನಡುವಿನ ಮೂರು ಅಂಕಿ ನೆನಪಿದ್ದರೂ ಲೆಕ್ಕಕ್ಕೆ ಸಾಕು. ಚೀಟಿಯ ಇನ್ನೊಂದು ಅಂಕಿಯಾದ ಬೇಸ್ ಎಕ್ಸೆಸ್‌ಗೆ ಶುರುವಿನಲ್ಲಿ ಕೈ ಹಾಕಬೇಡಿ. ಬೈಕಾರ್ಬ್ ಅರ್ಥವಾಗದವರಿಗೆ ಅದು ಇನ್ನೊಂದು ಗೊಂದಲ.

ಸ್ಯಾಂಪಲ್ ನಂಬುವಂಥದೇ?

ಎರಡನೇ ತರಗತಿ ಪೂರ್ತಿ ಸ್ಯಾಂಪಲ್‌ಗೇ ಕೊಡಿ. ಚೀಟಿ ಓದುವುದನ್ನು ಬಹಳ ಜನ ಕಲಿಸುತ್ತಾರೆ. ಸುಳ್ಳು ಚೀಟಿಯನ್ನು ಗುರುತಿಸುವುದನ್ನು ಕಲಿಸುವವರು ಕಡಿಮೆ. ಸ್ಯಾಂಪಲ್ ತೆಗೆದವರು, ಒಯ್ದವರು, ಮಷಿನ್‌ಗೆ ಹಾಕಿದವರು ಬಹುತೇಕ ನರ್ಸ್‌ಗಳೇ ಆದ್ದರಿಂದ ಇದು ನಮ್ಮ ಹೊಣೆ.

ಅಪಧಮನಿಗೆ ಸೂಜಿ ಹಾಕುವವರು ಯಾರೆಂಬುದು ಆಯಾ ಆಸ್ಪತ್ರೆಯ ನಿಯಮ. ಯಾರೇ ತೆಗೆಯಲಿ, ವಿದ್ಯಾರ್ಥಿಗೆ ಪ್ರತಿ ಹೆಜ್ಜೆಯೂ ಗೊತ್ತಿರಬೇಕು. ಮೊದಲು ಅಲೆನ್ ಟೆಸ್ಟ್, ಅಂದರೆ ಒಂದು ಅಪಧಮನಿ ಮುಚ್ಚಿದರೂ ಇನ್ನೊಂದು ಅಂಗೈಗೆ ರಕ್ತ ಕೊಡುತ್ತದೆಯೇ ಎಂಬ ಪರೀಕ್ಷೆ. ರೋಗಿ ಮುಷ್ಟಿ ಬಿಗಿ ಹಿಡಿಯಲಿ, ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿ ಹಿಡಿಯಿರಿ. ಅಂಗೈ ಬಿಳಿಚಿಕೊಂಡ ಮೇಲೆ ಕಿರುಬೆರಳಿನ ಕಡೆಯ ಅಲ್ನಾರ್ ಬಿಡಿ. 5ರಿಂದ 10 ಸೆಕೆಂಡಿನಲ್ಲಿ ಅಂಗೈಗೆ ಕೆಂಪು ಮರಳಿ ಬರಬೇಕು. ಬರದಿದ್ದರೆ ಆ ಕೈ ಬೇಡ. ಸೂಜಿ 22 ಅಥವಾ 23 ಗೇಜ್, ಒಳಹೋಗುವ ಓರೆ 30ರಿಂದ 45 ಡಿಗ್ರಿ. ತೆಗೆದ ಮೇಲೆ ಕನಿಷ್ಠ 5 ನಿಮಿಷ ಬಿಗಿಯಾಗಿ ಒತ್ತಬೇಕು. ರಕ್ತ ತೆಳುವಾಗಿಸುವ ಔಷಧ ನಡೆದಿದ್ದರೆ ಅದಕ್ಕಿಂತ ಹೆಚ್ಚು. ಒತ್ತುವ ಕೆಲಸವನ್ನು ಸಂಬಂಧಿಕರ ಕೈಗೆ ಬಿಟ್ಟು ಹೋಗಬಾರದು. ಆರ್ಟೀರಿಯಲ್ ಲೈನ್ (ಅಪಧಮನಿಯಲ್ಲೇ ಇಟ್ಟ ನಳಿಕೆ) ಇದ್ದರೆ ಮೊದಲ 2–3 ಎಂಎಲ್ ಬೇರೆ ಸಿರಿಂಜಿಗೆ ತೆಗೆದು, ಆಮೇಲೆ ಸ್ಯಾಂಪಲ್. ಇಲ್ಲವಾದರೆ ಲೈನಿನಲ್ಲಿದ್ದ ಸಲೈನ್ ರಕ್ತದೊಂದಿಗೆ ಬೆರೆತು ಬರುತ್ತದೆ.

ನಮ್ಮ ಕಡೆ ಬಹಳ ತಪ್ಪಾಗುವುದು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ವಿಷಯದಲ್ಲಿ. ಮೊದಲೇ ಹೆಪಾರಿನ್ ಲೇಪಿಸಿದ ಎಬಿಜಿ ಸಿರಿಂಜು ಇದ್ದರೆ ಒಳ್ಳೆಯದು. ಇಲ್ಲದ ಕಡೆ 2 ಎಂಎಲ್ ಸಿರಿಂಜಿಗೆ ವಯಲ್‌ನಿಂದ ಹೆಪಾರಿನ್ ಎಳೆದುಕೊಳ್ಳುತ್ತಾರೆ. ಅದನ್ನು ಒಳಗೋಡೆಗೆ ಸವರಿದ ಮೇಲೆ ಪೂರ್ತಿ ಹೊರಗೆ ಹಾಕಬೇಕು. ಸೂಜಿಯ ಬುಡದಲ್ಲಿ ಉಳಿಯುವಷ್ಟೇ ಸಾಕು. ‘ಹೆಪ್ಪುಗಟ್ಟಬಾರದು’ ಎಂಬ ಹೆದರಿಕೆಗೆ ಕಾಲು ಎಂಎಲ್ ಹೆಪಾರಿನ್ ಬಿಟ್ಟು, ಮೇಲೆ ಮುಕ್ಕಾಲು ಎಂಎಲ್ ರಕ್ತ ಎಳೆದರೆ ನಾಲ್ಕರಲ್ಲಿ ಒಂದು ಭಾಗ ಹೆಪಾರಿನ್ನೇ ಆಯಿತು. ಪಿಸಿಒ2, ಬೈಕಾರ್ಬ್, ಹಿಮೋಗ್ಲೋಬಿನ್ ಎಲ್ಲವೂ ನೀರು ಬೆರೆಸಿದ ಹಾಲಿನಂತೆ ತೆಳುವಾಗುತ್ತವೆ, ಅಯನೈಸ್ಡ್ ಕ್ಯಾಲ್ಸಿಯಂ ಇನ್ನೂ ಹೆಚ್ಚು ಇಳಿಯುತ್ತದೆ. ಪಿಎಚ್ ಮಾತ್ರ ಹೆಚ್ಚು ಅಲುಗುವುದಿಲ್ಲ, ಏಕೆಂದರೆ ಹುಳಿಯೂ ಸೋಡಾವೂ ಒಂದೇ ಪ್ರಮಾಣದಲ್ಲಿ ತೆಳುವಾಗಿವೆ. ಆದ್ದರಿಂದಲೇ ಈ ತಪ್ಪು ಕಣ್ಣಿಗೆ ಬೀಳದೆ ಹೋಗುತ್ತದೆ.

ಗಾಳಿಗುಳ್ಳೆ ಇನ್ನೊಂದು. ಸಿರಿಂಜನ್ನು ಮೇಲ್ಮುಖ ಹಿಡಿದು, ಬೆರಳಿನಿಂದ ತಟ್ಟಿ, ಗುಳ್ಳೆಯನ್ನು ಗಾಜ್ ಮೇಲೆ ಹೊರಹಾಕಿ ತಕ್ಷಣ ಮುಚ್ಚಳ ಹಾಕಬೇಕು. ಗುಳ್ಳೆ ಉಳಿದರೆ ರಕ್ತದ ಸಿಒ2 ಗುಳ್ಳೆಗೆ ಹೋಗಿ ಪಿಸಿಒ2 ಇಳಿಯುತ್ತದೆ, ಪಿಎಚ್ ಏರುತ್ತದೆ, ಪಿಒ2 (ರಕ್ತದಲ್ಲಿನ ಆಮ್ಲಜನಕದ ಒತ್ತಡ) ಹೊರಗಿನ ಗಾಳಿಯ ಮಟ್ಟದ ಕಡೆಗೆ ಜಾರುತ್ತದೆ. ಮುಚ್ಚಿದ ಮೇಲೆ ಸಿರಿಂಜನ್ನು ಎರಡು ಅಂಗೈ ನಡುವೆ ರೊಟ್ಟಿ ಹಿಟ್ಟಿನ ಎಳೆ ಹೊಸೆದಂತೆ ಹೊರಳಿಸಿ. ಕುಲುಕಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಏರುತ್ತದೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕಲಬುರಗಿಯ ಮೇ ತಿಂಗಳು ಸಾಕು. ಸಿರಿಂಜಿನೊಳಗಿನ ರಕ್ತಕಣಗಳು ಸತ್ತಿಲ್ಲ. ಆಮ್ಲಜನಕ, ಸಕ್ಕರೆ ತಿನ್ನುತ್ತಲೇ ಇರುತ್ತವೆ, ಲ್ಯಾಕ್ಟೇಟ್ ಬಿಡುತ್ತಲೇ ಇರುತ್ತವೆ. ಬಿಸಿ ಹೆಚ್ಚಿದಷ್ಟೂ ಇದು ಚುರುಕು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಿರಿಂಜು ಜೇಬಿನಲ್ಲಿಟ್ಟು ಒಯ್ದರೆ ಪಿಒ2, ಪಿಎಚ್ ಇಳಿದು, ಪಿಸಿಒ2, ಲ್ಯಾಕ್ಟೇಟ್ ಏರಿರುತ್ತವೆ. 15 ನಿಮಿಷದೊಳಗೆ ಹಾಕುವುದು ಉತ್ತಮ, 30 ನಿಮಿಷ ಗರಿಷ್ಠ ಎಂದು ಹೇಳಿ. ಅಷ್ಟರೊಳಗೆ ಆಗುವುದಾದರೆ ಪ್ಲಾಸ್ಟಿಕ್ ಸಿರಿಂಜಿಗೆ ಐಸ್ ಬೇಡ, ಏಕೆಂದರೆ ತಣ್ಣಗಾದಾಗ ಪ್ಲಾಸ್ಟಿಕ್ ಮೂಲಕ ಹೊರಗಿನ ಆಮ್ಲಜನಕ ಒಳಸೇರಿ ಪಿಒ2 ಕೆಡುತ್ತದೆ. ಐಸ್ ಇಡಲೇಬೇಕಾದರೆ ಐಸ್ ಬೆರೆತ ನೀರಿನಲ್ಲಿಡಿ. ಬರೀ ಗಡ್ಡೆಗೆ ತಾಗಿಸಿಟ್ಟರೆ ರಕ್ತಕಣ ಒಡೆಯುತ್ತವೆ.

ಅಪಧಮನಿಯ ಬದಲು ಸಿರೆಗೆ ಸೂಜಿ ಹೋಗಿದ್ದರೆ ಪಿಒ2 ಸುಮಾರು 40 ಬರುತ್ತದೆ. ಪರೀಕ್ಷೆ ಸುಲಭ: ಆ ಕ್ಷಣದಲ್ಲಿ ಬೆರಳಿನ ಯಂತ್ರ ತೋರಿಸಿದ ಸ್ಯಾಚುರೇಶನ್ (ರಕ್ತದ ಆಮ್ಲಜನಕ, ಶೇಕಡಾ ಲೆಕ್ಕದಲ್ಲಿ) ಎಷ್ಟಿತ್ತು? ಪಿಒ2 60 ಇದ್ದರೆ ಸ್ಯಾಚುರೇಶನ್ ಸುಮಾರು 90, 40 ಇದ್ದರೆ ಸುಮಾರು 75. ಮಾನಿಟರ್ 96 ತೋರಿಸುತ್ತಿದ್ದು ಚೀಟಿಯಲ್ಲಿ ಪಿಒ2 38 ಇದ್ದರೆ ಅದು ಸಿರೆಯ ರಕ್ತ. ಹಾಗೆಂದು ಚೀಟಿಯನ್ನು ಬಿಸಾಡಬೇಕಿಲ್ಲ. ಸಿರೆಯ ಪಿಎಚ್ 0.03–0.04ರಷ್ಟು ಕಡಿಮೆ, ಪಿಸಿಒ2 ಸುಮಾರು 5 ಹೆಚ್ಚು, ಬೈಕಾರ್ಬ್ ಹತ್ತಿರ ಹತ್ತಿರ ಅಷ್ಟೇ. ಆಮ್ಲಜನಕದ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ. ರೋಗಿ ಶಾಕ್‌ನಲ್ಲಿದ್ದರೆ ಈ ಅಂತರ ಇನ್ನೂ ಹೆಚ್ಚುತ್ತದೆ, ಆಗ ಈ ಲೆಕ್ಕವನ್ನು ನಂಬಬೇಡಿ.

ಚೀಟಿಯ ಮೇಲೆ ಪೆನ್ನಿನಲ್ಲಿ ನಾಲ್ಕು ಸಂಗತಿ ಬರೆಸಿ: ತೆಗೆದ ಸಮಯ, ಎಷ್ಟು ಆಕ್ಸಿಜನ್ ಯಾವುದರ ಮೂಲಕ, ಉಸಿರಿನ ಎಣಿಕೆ, ಜ್ವರ. ಆಕ್ಸಿಜನ್ ಅಥವಾ ವೆಂಟಿಲೇಟರ್ ಬದಲಿಸಿದ್ದರೆ 20ರಿಂದ 30 ನಿಮಿಷ ಕಾದು ತೆಗೆಯಬೇಕು. ಆಕ್ಸಿಜನ್ ಎಷ್ಟೆಂದು ಬರೆಯದ ಚೀಟಿಯಲ್ಲಿ ಪಿಒ2ಗೆ ಅರ್ಥವೇ ಇಲ್ಲ.

ನಮ್ಮ ಎತ್ತರದ ಲೆಕ್ಕ

ಪಠ್ಯಪುಸ್ತಕದ ಆಮ್ಲಜನಕದ ಲೆಕ್ಕಗಳು ಸಮುದ್ರಮಟ್ಟದ 760 ಮಿಮೀ ವಾಯುಭಾರಕ್ಕೆ ಬರೆದವು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ವಾಯುಭಾರ ಸುಮಾರು 720. ಬೀದರ ಅದಕ್ಕಿಂತ ಎತ್ತರ, ಅಲ್ಲಿ ಇನ್ನೂ ಕಡಿಮೆ. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. ವಾಯುಭಾರದಿಂದ ನೀರಾವಿಯ 47 ಕಳೆದು, ಗಾಳಿಯ ಆಮ್ಲಜನಕದ ಪಾಲು 0.21ರಿಂದ ಗುಣಿಸಿ, ಪಿಸಿಒ2ವನ್ನು 0.8ರಿಂದ ಭಾಗಿಸಿ ಕಳೆಯಬೇಕು. ಸಮುದ್ರಮಟ್ಟದಲ್ಲಿ 150ರಲ್ಲಿ 50 ಹೋದರೆ 100. ಕಲಬುರಗಿಯಲ್ಲಿ 141ರಲ್ಲಿ 50 ಹೋದರೆ 91. ಅಂದರೆ ಆರೋಗ್ಯವಂತ ಮನುಷ್ಯನ ಗಾಳಿಚೀಲದಲ್ಲೇ 91 ಇದೆ; ರಕ್ತದಲ್ಲಿ 82 ಬಂದರೆ ಗಾಬರಿಯಾಗಬೇಕಿಲ್ಲ. 760 ಹಾಕಿ ಲೆಕ್ಕ ಮಾಡಿದವರಿಗೆ ಇಲ್ಲದ ಕಾಯಿಲೆ ಕಾಣುತ್ತದೆ.

ಇದರಿಂದ ಸುಳ್ಳು ಚೀಟಿ ಹಿಡಿಯುವ ಒಂದು ಲೆಕ್ಕವೂ ಸಿಗುತ್ತದೆ. ಹೊರಗಿನ ಗಾಳಿಯನ್ನೇ ಉಸಿರಾಡುವ ರೋಗಿಯ ಪಿಒ2 ಮತ್ತು ಪಿಸಿಒ2 ಕೂಡಿಸಿದರೆ ನಮ್ಮಲ್ಲಿ 140 ದಾಟಲು ಸಾಧ್ಯವೇ ಇಲ್ಲ. ‘ರೂಮ್ ಏರ್’ ಎಂದು ಬರೆದ ಚೀಟಿಯಲ್ಲಿ ಪಿಒ2 138, ಪಿಸಿಒ2 28 ಇದ್ದರೆ ಮೊತ್ತ 166. ಒಂದೋ ರೋಗಿಗೆ ಆಕ್ಸಿಜನ್ ನಡೆದಿತ್ತು, ಇಲ್ಲವೇ ಸಿರಿಂಜಿನಲ್ಲಿ ಗುಳ್ಳೆಯಿತ್ತು.

ಆಕ್ಸಿಜನ್ ಕೊಡುತ್ತಿದ್ದರೆ ಪಿಒ2ವನ್ನು ಕೊಟ್ಟ ಪಾಲಿನಿಂದ ಭಾಗಿಸಿ. ಮೂಗಿನ ಪ್ರಾಂಗ್‌ನಲ್ಲಿ ಪ್ರತಿ ಲೀಟರಿಗೆ ಸುಮಾರು 4 ಶೇಕಡಾ ಸೇರುತ್ತದೆ, 2 ಲೀಟರ್ ಎಂದರೆ ಸುಮಾರು 28. ಸಾದಾ ಮಾಸ್ಕಿನಲ್ಲಿ 5–6 ಲೀಟರಿಗೆ ಸುಮಾರು 40. ಪಿಒ2 80, ಪಾಲು 0.4 ಆದರೆ ಉತ್ತರ 200. ಆರೋಗ್ಯವಂತರಲ್ಲಿ ಇದು 400ರ ಆಸುಪಾಸು ಅಥವಾ ಅದಕ್ಕೂ ಮೇಲಿರುತ್ತದೆ. 300ಕ್ಕಿಂತ ಕೆಳಗೆ ಬಂದರೆ ಶ್ವಾಸಕೋಶ ಸೋಲುತ್ತಿದೆ. ‘ಪಿಒ2 80 ಅದರಿ, ನಾರ್ಮಲ್ ರಿ’ ಎಂಬ ಉತ್ತರ ಕೇಳಿದ ಕೂಡಲೇ ‘ಎಷ್ಟು ಆಕ್ಸಿಜನ್ ಮೇಲೆ?’ ಎಂದು ತಿರುಗಿ ಕೇಳಿ. ಹತ್ತು ಸಲ ಕೇಳಿದರೆ ಹನ್ನೊಂದನೇ ಸಲ ಅವರೇ ಹೇಳುತ್ತಾರೆ.

ಓದುವ ಕ್ರಮ

ಮೂರನೇ ತರಗತಿಯಲ್ಲಿ ಪ್ರತಿಯೊಬ್ಬರ ವಹಿಯಲ್ಲಿ ಮೂರು ಕಂಬಗಳ ಮನೆ ಹಾಕಿಸಿ: ಹುಳಿ, ಸರಿ, ಸೋಡಾ. ಪಿಎಚ್ 7.35ಕ್ಕಿಂತ ಕಡಿಮೆಯಿದ್ದರೆ ಹುಳಿ ಕಂಬಕ್ಕೆ, 7.45ಕ್ಕಿಂತ ಹೆಚ್ಚಿದ್ದರೆ ಸೋಡಾ ಕಂಬಕ್ಕೆ. ಪಿಸಿಒ2 ಹೆಚ್ಚಿದ್ದರೆ ಹುಳಿ, ಕಡಿಮೆಯಿದ್ದರೆ ಸೋಡಾ. ಬೈಕಾರ್ಬ್ ಕಡಿಮೆಯಿದ್ದರೆ ಹುಳಿ, ಹೆಚ್ಚಿದ್ದರೆ ಸೋಡಾ. ಪಿಎಚ್ ಜೊತೆ ಅದೇ ಕಂಬದಲ್ಲಿ ಕೂತವನೇ ಮೂಲ ಅಪರಾಧಿ. ಪಿಸಿಒ2 ಆದರೆ ರೆಸ್ಪಿರೇಟರಿ, ಬೈಕಾರ್ಬ್ ಆದರೆ ಮೆಟಬಾಲಿಕ್, ಇಬ್ಬರೂ ಕೂತಿದ್ದರೆ ಎರಡೂ. ಎದುರು ಕಂಬದಲ್ಲಿ ಕೂತವನು ಸರಿದೂಗಿಸಲು ಹೊರಟವನು.

ಬಾಣಗಳ ದಿಕ್ಕು ನೋಡಿ ಹೇಳುವ ‘ರೋಮ್’ (ರೆಸ್ಪಿರೇಟರಿ ಆಪೋಸಿಟ್, ಮೆಟಬಾಲಿಕ್ ಈಕ್ವಲ್) ಸೂತ್ರವನ್ನು ಮಕ್ಕಳು ಎಲ್ಲಿಂದಲೋ ಕಲಿತು ಬಂದಿರುತ್ತಾರೆ. ಪರೀಕ್ಷೆಗೆ ಅದು ನಡೆಯುತ್ತದೆ, ಎರಡು ತೊಂದರೆ ಒಟ್ಟಿಗೆ ಇರುವ ಐಸಿಯು ರೋಗಿಗೆ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಇನ್ನೊಂದೇ ಪ್ರಶ್ನೆ: ಸರಿದೂಗಿಸುವಿಕೆ ಎಷ್ಟಿರಬೇಕಿತ್ತು, ಎಷ್ಟಿದೆ?

ಇದಕ್ಕೆ ಕೆಲವು ಲೆಕ್ಕಗಳಿವೆ. ಮೆಟಬಾಲಿಕ್ ಅಸಿಡೋಸಿಸ್‌ನಲ್ಲಿ ಇರಬೇಕಾದ ಪಿಸಿಒ2 ಎಂದರೆ ಬೈಕಾರ್ಬ್‌ನ ಒಂದೂವರೆ ಪಟ್ಟಿಗೆ 8 ಕೂಡಿಸಿದ್ದು, ಎರಡು ಆಚೀಚೆ. ಮೆಟಬಾಲಿಕ್ ಆಲ್ಕಲೋಸಿಸ್‌ನಲ್ಲಿ (ಸೋಡಾ ಹೆಚ್ಚಾದಾಗ) ಅದು ಬೈಕಾರ್ಬ್ × 0.7 + 20, ಐದು ಆಚೀಚೆ. ಪಿಸಿಒ2 40ರ ಮೇಲೆ ಪ್ರತಿ 10 ಏರಿದಾಗ ಬೈಕಾರ್ಬ್ ತಕ್ಷಣಕ್ಕೆ 1, ದಿನಗಳು ಕಳೆದಿದ್ದರೆ ಸುಮಾರು 4 ಏರುತ್ತದೆ. ಪ್ರತಿ 10 ಇಳಿದಾಗ ತಕ್ಷಣಕ್ಕೆ 2, ದಿನಗಳಾಗಿದ್ದರೆ 4–5 ಇಳಿಯುತ್ತದೆ. ಜಿಎನ್‌ಎಂ ವಿದ್ಯಾರ್ಥಿಗಳಿಗೆ ಮೊದಲನೆಯದನ್ನು ಮತ್ತು ‘1 ಅಥವಾ 4’ ಲೆಕ್ಕವನ್ನು ಮಾತ್ರ ಕಲಿಸಿದರೆ ಸಾಕು, ವಾರ್ಡಿನ ಬಹುಪಾಲು ಚೀಟಿಗಳಿಗೆ ಅಷ್ಟೇ ಬೇಕಾಗುವುದು. ದೇಹ ಎಂದೂ ಅತಿಯಾಗಿ ಸರಿದೂಗಿಸುವುದಿಲ್ಲ ಎಂಬುದನ್ನೂ ಸೇರಿಸಿ. ಹಾಗೆ ಕಂಡರೆ ಎರಡನೇ ಕಾಯಿಲೆ ಇದೆ.

ಮೆಟಬಾಲಿಕ್ ಅಸಿಡೋಸಿಸ್ ಎಂದು ಗೊತ್ತಾದ ಮೇಲೆ ಆನಯಾನ್ ಗ್ಯಾಪ್, ಅಂದರೆ ಚೀಟಿಯಲ್ಲಿ ಕಾಣದ ಹುಳಿಯ ಅಂದಾಜು: ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬ್ ಎರಡನ್ನೂ ಕಳೆಯಿರಿ. 8ರಿಂದ 12 ಸಹಜ. ಏರಿದ್ದರೆ ಹೊಸ ಹುಳಿ ಒಳಗೆ ಸೇರಿದೆ: ಕೀಟೋನ್, ಲ್ಯಾಕ್ಟೇಟ್, ಕಿಡ್ನಿ ಸೋತದ್ದು, ವಿಷ. ಏರಿಲ್ಲದಿದ್ದರೆ ಸೋಡಾ ಹರಿದು ಹೋಗಿದೆ, ಬಹುತೇಕ ಬೇಧಿಯಲ್ಲಿ. ಆಲ್ಬುಮಿನ್ ಬಹಳ ಕಡಿಮೆಯಿರುವ ರೋಗಿಯಲ್ಲಿ ಗ್ಯಾಪ್ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ.

ಅಂಕಿಗಳು ತಮ್ಮೊಳಗೆ ಹೊಂದುತ್ತವೆಯೇ ಎಂದು ನೋಡುವ ಲೆಕ್ಕವನ್ನೂ ತೋರಿಸಿ. 24ನ್ನು ಪಿಸಿಒ2ದಿಂದ ಗುಣಿಸಿ ಬೈಕಾರ್ಬ್‌ನಿಂದ ಭಾಗಿಸಿ. 80ರಿಂದ ಪಿಎಚ್‌ನ ಕೊನೆಯ ಎರಡು ಅಂಕಿ ಕಳೆಯಿರಿ. ಎರಡೂ ಹತ್ತಿರ ಬರಬೇಕು. ಪಿಎಚ್ 7.20ರಿಂದ 7.50ರ ಒಳಗೆ ಇದು ಕೆಲಸ ಮಾಡುತ್ತದೆ. ಮಷಿನ್ ಬೈಕಾರ್ಬ್ ಅಳೆಯುವುದಿಲ್ಲ, ಪಿಎಚ್ ಮತ್ತು ಪಿಸಿಒ2ದಿಂದ ಲೆಕ್ಕ ಹಾಕುತ್ತದೆ. ಹೀಗಾಗಿ ಈ ಪರೀಕ್ಷೆ ಮಷಿನ್ನಿನ ತಪ್ಪನ್ನು ಹಿಡಿಯುವುದಿಲ್ಲ. ರಿಜಿಸ್ಟರಿಗೆ ಬರೆಯುವಾಗ, ಫೋನಿನಲ್ಲಿ ಹೇಳುವಾಗ ಆದ ತಪ್ಪನ್ನು ಹಿಡಿಯುತ್ತದೆ, ಅಂಥ ತಪ್ಪುಗಳೇನೂ ಕಡಿಮೆಯಿಲ್ಲ.

ರೋಗಿ ಮೊದಲು, ಚೀಟಿ ಕೊನೆಗೆ

ನಾಲ್ಕನೇ ತರಗತಿಯನ್ನು ವಾರ್ಡಿನಲ್ಲೇ ನಡೆಸಿ. ಚೀಟಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಳ್ಳಿ. ವಿದ್ಯಾರ್ಥಿ ಉಸಿರು ಒಂದು ನಿಮಿಷ ಪೂರ್ತಿ ಎಣಿಸಲಿ, ಆಳ ನೋಡಲಿ, ಮಾತಾಡಿಸಲಿ. ಆಮೇಲೆ ವಹಿಯಲ್ಲಿ ಮೂರು ಬಾಣ ಬರೆಯಲಿ: ಪಿಎಚ್ ಎತ್ತ, ಪಿಸಿಒ2 ಎತ್ತ, ಬೈಕಾರ್ಬ್ ಎತ್ತ. ಬರೆಯದೆ ಚೀಟಿ ಬಿಚ್ಚಬೇಡಿ. ಮನಸ್ಸಿನಲ್ಲಿ ಮಾಡಿದ ಊಹೆಯನ್ನು ಚೀಟಿ ನೋಡಿದ ಮೇಲೆ ಎಲ್ಲರೂ ತಿದ್ದಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಗಳಲ್ಲಿ ಮೊದಲು ಕಲಿಸಬೇಕಾದದ್ದು ಕೀಟನಾಶಕದ ರೋಗಿ. ತೊಗರಿಗೆ ಎಣ್ಣಿ ಹೊಡೆಯುವ ದಿನಗಳಲ್ಲಿ ಆರ್ಗನೋಫಾಸ್ಫೇಟ್ (ಓಪಿ) ವಿಷದವರು ಕ್ಯಾಜುವಾಲ್ಟಿಗೆ ಬರುತ್ತಾರೆ. ಮನೆಯವರು ‘ಎಣ್ಣಿ’ ಎಂದಷ್ಟೇ ಹೇಳಿದರೆ ಯಾವ ಎಣ್ಣೆ ಎಂದು ಕೇಳಿ ಡಬ್ಬಿ ತರಿಸಲು ಕಲಿಸಿ. ಕಣ್ಣಿನ ಪಾಪೆ ಕಿರಿದು, ಬಾಯಿತುಂಬ ಜೊಲ್ಲು, ಎದೆಯಲ್ಲಿ ಗೊರಗೊರ, ಉಸಿರು ನಿಮಿಷಕ್ಕೆ 10, ಅದೂ ಮೇಲುಮೇಲೆ. ಊಹೆ: ಹುಳಿ ಹೊರಗೆ ಹೋಗುತ್ತಿಲ್ಲ, ಪಿಸಿಒ2 ಏರಿರಬೇಕು, ಬೈಕಾರ್ಬ್ ಇನ್ನೂ ಹೆಚ್ಚು ಏರಿರಲಾರದು. ಚೀಟಿ: ಪಿಎಚ್ 7.21, ಪಿಸಿಒ2 70, ಬೈಕಾರ್ಬ್ 27. 40ರಿಂದ 70ಕ್ಕೆ ಮೂರು ಹತ್ತು, ಬೈಕಾರ್ಬ್ ಮೂರು ಏರಿದೆ. ಇದು ಇವತ್ತಿನ ಕಥೆ, ಹಳೆಯದಲ್ಲ. ಶೇಕಡಾ 40 ಆಕ್ಸಿಜನ್ ಮೇಲೆ ಪಿಒ2 62, ಭಾಗಿಸಿದರೆ 155. ಗಾಳಿಚೀಲಗಳಲ್ಲೂ ಕಫ ತುಂಬಿದೆ ಎಂದರ್ಥ. ಈಗ ನರ್ಸಿನ ಕೈಗೆ ಬರುವ ಕೆಲಸ: ಸಕ್ಷನ್, ಡಾಕ್ಟರಿಗೆ ಕರೆ, ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಮದ್ದು) ಮತ್ತು ಇಂಟ್ಯುಬೇಶನ್ (ಶ್ವಾಸನಾಳಕ್ಕೆ ನಳಿಕೆ ಹಾಕುವ) ಟ್ರೇ ಸಿದ್ಧ. ಆಕ್ಸಿಜನ್ ಕೊಟ್ಟು ಬೆರಳಿನ ಸ್ಯಾಚುರೇಶನ್ 96ಕ್ಕೆ ತಂದರೂ ಪಿಸಿಒ2 ಇಳಿಯುವುದಿಲ್ಲ. ಬೆರಳಿನ ಯಂತ್ರಕ್ಕೆ ಹುಳಿ ಕಾಣುವುದೇ ಇಲ್ಲ.

ಇದೇ ರೋಗಿಯನ್ನು 24ರಿಂದ 96 ಗಂಟೆಯ ನಡುವೆ ಮತ್ತೆ ತೋರಿಸಿ. ಪಾಪೆ ಸರಿಯಾಗಿದೆ, ಜೊಲ್ಲು ನಿಂತಿದೆ, ಮನೆಯವರು ಯಾವಾಗ ಬಿಡುತ್ತೀರಿ ಎನ್ನುತ್ತಿದ್ದಾರೆ. ‘ದಿಂಬಿನಿಂದ ತಲೆ ಎತ್ತಪ್ಪ’ ಎನ್ನಿ. ಕುತ್ತಿಗೆ ಎತ್ತಲಾಗದಿದ್ದರೆ ಉಸಿರಿನ ಸ್ನಾಯುಗಳ ಸರದಿ ಹತ್ತಿರದಲ್ಲೇ ಇದೆ, ಪಿಸಿಒ2 ಏರುವ ಮುನ್ನವೇ ಸುದ್ದಿ ಮುಟ್ಟಿಸಬೇಕು.

ಎರಡನೆಯದು ಡಯಾಬಿಟಿಸ್ ಕೀಟೋಅಸಿಡೋಸಿಸ್, ಸಕ್ಕರೆ ಕಾಯಿಲೆಯಲ್ಲಿ ಕೀಟೋನ್ ಎಂಬ ಹುಳಿ ಏರುವುದು. ಆಳವಾದ, ನಿಲ್ಲದ ಉಸಿರು, ಒಣಗಿದ ನಾಲಿಗೆ. ಪಿಎಚ್ 7.17, ಪಿಸಿಒ2 17, ಬೈಕಾರ್ಬ್ 6. ಇರಬೇಕಾದ ಪಿಸಿಒ2 9 + 8 = 17. ಶ್ವಾಸಕೋಶ ತನ್ನ ಕೆಲಸ ಮಾಡುತ್ತಿದೆ. ಸೋಡಿಯಂ 132, ಕ್ಲೋರೈಡ್ 96 ಆದರೆ ಗ್ಯಾಪ್ 30. ಈಗ ಎರಡನೇ ಚೀಟಿ ಕೊಡಿ: ಪಿಎಚ್ 7.02, ಪಿಸಿಒ2 28, ಬೈಕಾರ್ಬ್ 7. ‘ಪಿಸಿಒ2 ನಾರ್ಮಲ್ ಕಡೆ ಬರ್ಲಿಕತ್ಯಾದ್ರಿ’ ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ಲೆಕ್ಕ ಮಾಡಿಸಿ. 7ರ ಒಂದೂವರೆ ಪಟ್ಟು ಹತ್ತೂವರೆ, 8 ಕೂಡಿಸಿದರೆ 18.5. ಇದ್ದದ್ದು 28. ಈ ರೋಗಿ ಸುಧಾರಿಸುತ್ತಿಲ್ಲ, ಉಸಿರಾಡಿ ದಣಿದಿದ್ದಾನೆ. ಉಸಿರಿನ ಎಣಿಕೆ 36ರಿಂದ 22ಕ್ಕೆ ಇಳಿದದ್ದನ್ನು ಚಾರ್ಟಿನಲ್ಲಿ ‘ಉತ್ತಮ’ ಎಂದು ಬರೆದಿದ್ದರೆ ಅದೇ ದೊಡ್ಡ ಅಪಾಯ. ನಾಲ್ಕು ತರಗತಿಗಳಲ್ಲಿ ಒಂದೇ ಪಾಠ ಉಳಿಯುವುದಾದರೆ ಈ ಎರಡು ಚೀಟಿಗಳ ಪಾಠ ಉಳಿಯಲಿ.

ಅದರ ಒಡಹುಟ್ಟಿದ್ದೇ ಆಸ್ತಮಾ. ದಮ್ಮು ಹತ್ತಿ ಬಂದ ಹುಡುಗಿ ವೇಗವಾಗಿ ಉಸಿರಾಡುತ್ತಿದ್ದರೆ ಪಿಸಿಒ2 30ರ ಆಸುಪಾಸು ಇರಬೇಕೆಂದು ಊಹೆ. ಚೀಟಿಯಲ್ಲಿ ಪಿಎಚ್ 7.38, ಪಿಸಿಒ2 42, ಬೈಕಾರ್ಬ್ 24. ಒಂದೂ ಬಾಣವಿಲ್ಲ, ಆದರೂ ತಕ್ಷಣ ಕರೆ ಮಾಡಬೇಕಾದ ಚೀಟಿ ಇದು. ಊಹೆ ಬರೆಯದಿದ್ದವರು ಇದನ್ನು ‘ನಾರ್ಮಲ್’ ಎಂದು ಫೈಲಿಗೆ ಸೇರಿಸಿಬಿಡುತ್ತಾರೆ.

ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಅಥವಾ ಬೀಡಿ ಸೇದಿದ ಸಿಒಪಿಡಿ (ಶ್ವಾಸನಾಳಗಳು ಕಾಯಂ ಕಿರಿದಾಗುವ ಕಾಯಿಲೆ) ರೋಗಿಯಲ್ಲಿ ಪಿಎಚ್ 7.34, ಪಿಸಿಒ2 64, ಬೈಕಾರ್ಬ್ 34 ಬರಬಹುದು. ಪಿಸಿಒ2 24 ಏರಿದೆ, ಹತ್ತಕ್ಕೆ ನಾಲ್ಕರಂತೆ ಬೈಕಾರ್ಬ್ ಹತ್ತು ಏರಿದೆ. ಹಳೆಯ ಕಥೆ. ಸ್ಯಾಚುರೇಶನ್ ಗುರಿ 88ರಿಂದ 92. 99ಕ್ಕೆ ಏರಿಸಿದರೆ ಪಿಸಿಒ2 ಇನ್ನೂ ಏರಿ ರೋಗಿ ಮಂಪರಿಗೆ ಜಾರಬಹುದು. ಆಕ್ಸಿಜನ್ ಪಾಲನ್ನು ನಿಗದಿಯಾಗಿ ಕೊಡುವ ವೆಂಚುರಿ ಮಾಸ್ಕ್ ಇದ್ದರೆ ಅದನ್ನೇ ಹಾಕಿ. ಬೇಧಿಯ ರೋಗಿಯಲ್ಲಿ ಪಿಎಚ್ 7.30, ಪಿಸಿಒ2 29, ಬೈಕಾರ್ಬ್ 14, ಸೋಡಿಯಂ 136, ಕ್ಲೋರೈಡ್ 112: ಗ್ಯಾಪ್ 10, ಸೋಡಾ ಹರಿದು ಹೋಗಿದೆ. ದಿನಗಟ್ಟಲೆ ವಾಂತಿ ಮಾಡಿಕೊಂಡವರಲ್ಲಿ ಇದರ ಉಲ್ಟಾ: ಪಿಎಚ್ 7.52, ಪಿಸಿಒ2 48, ಬೈಕಾರ್ಬ್ 38. ಹೊಟ್ಟೆಯ ಹುಳಿ ಹೊರಗೆ ಹೋಗಿದೆ, ಪೊಟ್ಯಾಸಿಯಂ ಎಷ್ಟಿದೆ ಎಂದು ಕೂಡಲೇ ನೋಡಬೇಕು.

ಫೋನಿನಲ್ಲಿ ಹೇಳುವುದು

ಓದಲು ಬಂದರೂ ಹೇಳಲು ಬರದಿದ್ದರೆ ರೋಗಿಗೆ ಉಪಯೋಗವಿಲ್ಲ. ಪ್ರತಿ ಚೀಟಿಗೂ ಅರ್ಧ ನಿಮಿಷದ ಮಾತನ್ನು ಬಾಯಿಬಿಟ್ಟು ಹೇಳಿಸಿ. ‘ಸರ್, ಐಸಿಯು ನಾಕನೇ ಬೆಡ್. ಓಪಿ ಪಾಯ್ಸನ್, ಎರಡನೇ ದಿನ. ಉಸಿರು 10, ತಲೆ ಎತ್ತಲಿಕ್ಕೆ ಆಗವಲ್ದು. ಆರು ಲೀಟರ್ ಮಾಸ್ಕ್ ಮ್ಯಾಲೆ ಪಿಎಚ್ 7.21, ಪಿಸಿಒ2 70, ಪಿಒ2 62. ಸಕ್ಷನ್ ಮಾಡೀನಿ, ಟ್ರೇ ರೆಡಿ ಅದ. ಈಗ ಬರ್ರಿ ಸರ್.’ ಮೊದಲು ರೋಗಿ, ಆಮೇಲೆ ಅಂಕಿ, ಕೊನೆಗೆ ಏನು ಬೇಕೆಂಬುದು. ಬರೀ ‘ಎಬಿಜಿ ಬಂದದ ಸರ್’ ಎಂದರೆ ‘ಇಡ್ರಿ, ಬರ್ತೀನಿ’ ಎಂಬ ಉತ್ತರವೇ ಬರುತ್ತದೆ. ಪಿಎಚ್ 7.20ಕ್ಕಿಂತ ಕೆಳಗೆ ಅಥವಾ 7.60ಕ್ಕಿಂತ ಮೇಲೆ, ಪಿಒ2 60ಕ್ಕಿಂತ ಕೆಳಗೆ, ಲ್ಯಾಕ್ಟೇಟ್ 4ಕ್ಕಿಂತ ಮೇಲೆ ಇದ್ದರೆ ರೌಂಡ್ಸ್‌ವರೆಗೆ ಕಾಯಬಾರದು. ನಿಮ್ಮ ಆಸ್ಪತ್ರೆಯ ಪಟ್ಟಿ ಬೇರೆಯಿದ್ದರೆ ಅದನ್ನೇ ಬಳಸಿ. ಫೋನಿನ ಆಚೆಯವರು ಅಂಕಿಗಳನ್ನು ತಿರುಗಿ ಓದಿ ಹೇಳಲಿ. ಹಾಗೆ ಮಾಡದಿದ್ದರೆ ‘ಸೆವೆಂಟೀನ್’ (17) ‘ಸೆವೆಂಟಿ’ (70) ಆಗಿಬಿಡುತ್ತದೆ.

ಕೊನೆಯ ಪರೀಕ್ಷೆಗೆ ಹೆಸರು ಕೇಳುವ ಪ್ರಶ್ನೆ ಬೇಡ. ಒಬ್ಬ ರೋಗಿಯನ್ನು ವಿವರಿಸಿ: ಹರ್ನಿಯಾ ಆಪರೇಶನ್ ಆದ ಮರುದಿನ, ಆರಾಮಾಗಿ ಮಾತಾಡುತ್ತಿದ್ದಾರೆ, ಉಸಿರು 16, ಬಿಪಿ ಸರಿ, ಡ್ರೆಸಿಂಗ್ ಒಣಗಿದೆ. ಚೀಟಿ: ಪಿಎಚ್ 7.40, ಪಿಸಿಒ2 30, ಬೈಕಾರ್ಬ್ 18, ಹಿಮೋಗ್ಲೋಬಿನ್ 8.1. ಬೆಳಗಿನ ಹಿಮೋಗ್ಲೋಬಿನ್ 10.8. ಕ್ಯಾಲ್ಸಿಯಂ ಬಹಳ ಕಡಿಮೆ. ಕೆಲವರು ಮಿಶ್ರ ಕಾಯಿಲೆ ಎನ್ನುತ್ತಾರೆ, ಕೆಲವರು ಒಳಗೆ ರಕ್ತಸ್ರಾವ ಎನ್ನುತ್ತಾರೆ. ಉಸಿರು 16 ಇದ್ದವರಿಗೆ ಪಿಸಿಒ2 30 ಹೇಗೆ ಬಂತೆಂದು ನಿಂತು ಯೋಚಿಸಿ, ಪಿಸಿಒ2, ಬೈಕಾರ್ಬ್, ಹಿಮೋಗ್ಲೋಬಿನ್ ಮೂರೂ ನಾಲ್ಕರಲ್ಲಿ ಒಂದು ಭಾಗ ಇಳಿದದ್ದನ್ನು ಕಂಡು, ‘ಸಿರಿಂಜಿನಾಗ ಹೆಪಾರಿನ್ ಎಷ್ಟಿತ್ತರಿ?’ ಎಂದು ಕೇಳಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ.